ಓದುಗರ ಪ್ರಶ್ನೆ: ಬಸ್ರಾದ ಬೋಗುಣಿಗೆ ಹೊನ್ನಿನ ಹೊಳಪು ಬಂದದ್ದು ಹೇಗೆ?

ಪ್ರಶ್ನೆ: 9ನೇ ಶತಮಾನದ ಇರಾಕಿನ ಬಸ್ರಾದ ಬಿಳಿ ಬೋಗುಣಿಗಳನ್ನು ಚೀನಾದ ಪಿಂಗಾಣಿಯ ನಕಲು ಅನ್ನುತ್ತಾರೆ. ಪಿಂಗಾಣಿಯನ್ನೇ ಮಾಡಬಹುದಿತ್ತಲ್ಲ?

ಉತ್ತರ: ಅದಕ್ಕೆ ತಕ್ಕ ಮಣ್ಣಿರಲಿಲ್ಲ. ಬಿಳಿ ಕೇಯೋಲಿನ್ ಜೇಡಿಯಾಗಲಿ, ಸುಮಾರು 1,300 ಡಿಗ್ರಿ ಶಾಖದ ಭಟ್ಟಿಯಾಗಲಿ ಅಲ್ಲಿನ ಕುಂಬಾರರಿಗೆ ದಕ್ಕಿರಲಿಲ್ಲ. ಕೈಯಲ್ಲಿದ್ದದ್ದು ಸುಟ್ಟರೆ ನಸುಹಳದಿಗೆ ತಿರುಗುವ ನಯವಾದ ಮಣ್ಣು. ಅದನ್ನು ಮರೆಮಾಡಲು ಮೆರುಗಿಗೆ (ಪಾತ್ರೆಯ ಮೈಗೆ ಹಚ್ಚಿ ಸುಡುವ ಗಾಜಿನಂಥ ಲೇಪಕ್ಕೆ) ತವರದ ಆಕ್ಸೈಡ್ ಬೆರೆಸಿದರು. ಅದರ ಕಣಗಳು ಕರಗದೆ ಉಳಿದು ಬೆಳಕನ್ನು ಚದುರಿಸುವುದರಿಂದ ಮೆರುಗು ಹಾಲಿನಂತೆ ಬೆಳ್ಳಗಾಗುತ್ತದೆ. ಇಂಥ ಮೆರುಗಿಗೆ ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಪಾಲು ತವರ ಹಿಡಿಯುತ್ತದೆ. ಕಡಿಮೆಯಾದರೆ ಮಣ್ಣಿನ ಬಣ್ಣ ಇಣುಕುತ್ತದೆ. ಹೆಚ್ಚಾದರೆ ಮೆರುಗು ಗಡುಸಾಗಿ ಸರಿಯಾಗಿ ಹರಡದು. ಅಂಚು ಸಿಡಿದ ಜಾಗದಲ್ಲಿ ಬಿಳಿಯ ಕೆಳಗೆ ಹಳದಿ ಕಂಡರೆ ಅದು ಪಿಂಗಾಣಿಯಲ್ಲ. ಆದರೂ ‘ನಕಲು’ ಅನ್ನುವುದು ಅರ್ಧ ಸತ್ಯ. ಚೀನಾದ ನೀಲಿ-ಬಿಳಿ ಪಿಂಗಾಣಿ ಲೋಕಕ್ಕೆಲ್ಲ ಹೆಸರಾದ 14ನೇ ಶತಮಾನಕ್ಕೆ ಬಹಳ ಮೊದಲೇ ಇವರು ಬಿಳಿಯ ಮೇಲೆ ಕೋಬಾಲ್ಟ್ ನೀಲಿಯಲ್ಲಿ ಚಿತ್ರ ಬರೆಯುತ್ತಿದ್ದರು.

ಪ್ರಶ್ನೆ: ಹೊನ್ನಿನಂತೆ ಹೊಳೆಯುವ ‘ಲಸ್ಟರ್’ ಪಾತ್ರೆಗಳಲ್ಲಿರುವುದು ಚಿನ್ನವೇ?

ಉತ್ತರ: ಗುಲಗಂಜಿಯಷ್ಟೂ ಇಲ್ಲ. ಅದು ಬೆಳ್ಳಿ ಮತ್ತು ತಾಮ್ರದ ಆಟ. ಮೊದಲು ಬೋಗುಣಿಗೆ ಮೆರುಗು ಹಚ್ಚಿ, ಪೂರ್ತಿ ಸುಟ್ಟು ತಣಿಸಬೇಕು. ಆಮೇಲೆ ಬೆಳ್ಳಿ, ತಾಮ್ರದ ಸಂಯುಕ್ತಗಳನ್ನು ಕೆಮ್ಮಣ್ಣಿನ ಜೊತೆ ನುಣ್ಣಗೆ ಅರೆದು, ವಿನೆಗರಿನಂಥ ಹುಳಿಯಲ್ಲಿ ಕಲಸಿ, ಆ ಗಾಜಿನಂಥ ಮೈಮೇಲೆ ಚಿತ್ರ ಬರೆಯಬೇಕು. ಎರಡನೇ ಸಲ ಸುಡುವಾಗ ಶಾಖ ಸುಮಾರು 600 ಡಿಗ್ರಿ ಸಾಕು. ಆದರೆ ಗಾಳಿ ತಡೆದು ಹೊಗೆ ಕಟ್ಟಬೇಕು. ಮೆರುಗು ಹರಿಯುವುದಿಲ್ಲ, ಮೇಲ್ಮೈ ಕೊಂಚ ಸಡಿಲಾಗುತ್ತದಷ್ಟೆ. ಲೋಹದ ಅಯಾನುಗಳು ಒಳಹೊಕ್ಕು ಅಲ್ಲಿನ ಸೋಡಿಯಂ, ಪೊಟ್ಯಾಸಿಯಂಗಳ ಜಾಗ ಹಿಡಿಯುತ್ತವೆ. ಕಾರ್ಬನ್ ಮಾನಾಕ್ಸೈಡ್ ತುಂಬಿದ ಹೊಗೆಯಲ್ಲಿ ಅವು ಲೋಹದ ಅತಿಸೂಕ್ಷ್ಮ ಕಣಗಳಾಗಿ ನಿಲ್ಲುತ್ತವೆ. ಹೊಳಪು ಆ ಕಣಗಳ ಪದರದ್ದು. ಬೆಳ್ಳಿ ಹೆಚ್ಚಿದ್ದರೆ ಹಳದಿ, ತಾಮ್ರ ಹೆಚ್ಚಿದ್ದರೆ ಕೆಂಪು.

ಭಟ್ಟಿಯಿಂದ ತೆಗೆದಾಗ ಕಾಣುವುದು ಬರೀ ಸುಟ್ಟ ಕೆಮ್ಮಣ್ಣು. ಇರಾನಿನ ಕಾಶಾನಿನ ಅಬುಲ್ ಖಾಸಿಂ 1301ರಲ್ಲಿ ಈ ವಿಧಾನವನ್ನು ಬರೆದಿಟ್ಟಿದ್ದಾನೆ: 72 ತಾಸು ಹಗುರವಾದ ಹೊಗೆ ಕೊಟ್ಟು, ತಣಿದ ಮೇಲೆ ಒದ್ದೆ ಮಣ್ಣಿನಿಂದ ಉಜ್ಜಬೇಕು. ಆಗ ಹೊನ್ನಿನ ಬಣ್ಣ ಹೊರಬೀಳುತ್ತದೆ. (ಬಸ್ರಾದ ಕುಂಬಾರರಿಗಿಂತ ನಾಲ್ಕು ಶತಮಾನ ಈಚಿನವನು, ಆದರೂ ಕೆಲಸದ ಹದ ಇದೇ.) ಕೆಡುವುದೂ ಇಲ್ಲೇ. ಶಾಖ ಮೀರಿದರೆ ಮೆರುಗು ಮೆತ್ತಗಾಗಿ ಕೆಮ್ಮಣ್ಣು ಕಚ್ಚಿಕೊಳ್ಳುತ್ತದೆ, ಎಷ್ಟು ಉಜ್ಜಿದರೂ ಬಿಡದು. ಹೊಗೆ ಸಾಲದಿದ್ದರೆ ಹೊಳಪೇ ಏಳದು, ತಾಮ್ರ ಹಸಿರು ಛಾಯೆಯಾಗಿ ಉಳಿಯುತ್ತದೆ. ಟುನೀಷಿಯಾದ ಕೈರುವಾನ್ ಮಸೀದಿಯ ಮಿಹ್ರಾಬಿನ (ಪ್ರಾರ್ಥನೆಯ ದಿಕ್ಕು ತೋರುವ ಗೋಡೆಗೂಡಿನ) ಸುತ್ತ 9ನೇ ಶತಮಾನದ ಲಸ್ಟರ್ ಬಿಲ್ಲೆಗಳು ಇಂದಿಗೂ ಗೋಡೆಯಲ್ಲೇ ಇವೆ.

ಪ್ರಶ್ನೆ: ಉತ್ಖನನದಲ್ಲಿ ಸಿಕ್ಕ ಹಸಿರು ಬೋಕಿಗಳ ಮೇಲೆ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ. ಅದೂ ಲಸ್ಟರೇ?

ಉತ್ತರ: ಅಲ್ಲ, ಅದು ಮಣ್ಣಿನೊಳಗೆ ಹೂತಿದ್ದರ ಫಲ. ತೇವಕ್ಕೆ ಮೆರುಗಿನ ಕ್ಷಾರ ತೊಳೆದುಹೋಗಿ, ಹಾಳೆಯಂಥ ತೆಳು ಪದರಗಳು ಉಳಿಯುತ್ತವೆ. ಅವುಗಳಲ್ಲಿ ಬೆಳಕು ಒಡೆದು ಬಣ್ಣ ಕಾಣುತ್ತದೆ. ಗುರುತಿಸುವುದು ಸುಲಭ: ಲಸ್ಟರ್ ಚಿತ್ರದ ಗೆರೆ ಮೀರುವುದಿಲ್ಲ, ಇದು ಗೆರೆ-ಬಯಲು ನೋಡದೆ ಹರಡಿ ಅಭ್ರಕದ ಚಕ್ಕೆಯಂತೆ ಏಳುತ್ತದೆ. ಉಜ್ಜಿ ಪರೀಕ್ಷಿಸಬೇಡಿ, ಚಕ್ಕೆಯ ಜೊತೆ ಮೂಲ ಮೆರುಗೂ ಹೋಗುತ್ತದೆ.

ಪ್ರಶ್ನೆ: 10ನೇ ಶತಮಾನದ ಇರಾನಿನ ನಿಶಾಪುರದ ಬಟ್ಟಲುಗಳ ಕಪ್ಪು ಕೂಫಿ (ಕೋನಾಕಾರದ ಅರೇಬಿಕ್ ಲಿಪಿಯ) ಅಕ್ಷರ ಮೆರುಗಿನಡಿಯಲ್ಲಿ ಕದಡಿಲ್ಲವೇಕೆ?

ಉತ್ತರ: ಸೀಸದ ಮೆರುಗು ಕರಗಿದಾಗ ನೀರಿನಂತೆ ಹರಿದು ಬಣ್ಣವನ್ನು ಎಳೆದೊಯ್ಯುತ್ತದೆ. ಅದಕ್ಕೇ ಬಣ್ಣವನ್ನು ತಿಳಿಜೇಡಿಯಲ್ಲಿ ಕಲಸಿ ಬರೆದರು. ಜೇಡಿ ಮೈಗೆ ಕಚ್ಚಿ ಅಲ್ಲಾಡದೆ ಕೂರುತ್ತದೆ. ಓರೆಬೆಳಕಿನಲ್ಲಿ ಹಿಡಿದರೆ ಅಕ್ಷರ ತುಸು ಉಬ್ಬಿದ್ದು ಕಾಣುತ್ತದೆ. ಅದೇ ಊರಿನ, ತಾಮ್ರದಿಂದ ಹಸಿರು ಬಣ್ಣ ಕೊಟ್ಟ ಮಣ್ಣಿನ ಬಟ್ಟಲುಗಳಲ್ಲಿ ಬಣ್ಣ ಇಳಿದು ತಳದಲ್ಲಿ ಮಡುಗಟ್ಟಿದೆ.