ಓದುಗರ ಪ್ರಶ್ನೆ: ಮುಂಬಾಗಿಲ ಪಕ್ಕದ ಬ್ಯಾಟರಿ

ಪ್ರಶ್ನೆ: ನಾವು ದಾವಣಗೆರೆಯ ನಿಟುವಳ್ಳಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಮಗ ಕೆಲಸದಿಂದ ಬಂದ ಕೂಡಲೇ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯನ್ನು ಕಳಚಿ ಮೇಲಕ್ಕೆ ತಂದು, ಮುಂಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ರಾತ್ರಿಯಿಡೀ ಚಾರ್ಜಿಗೆ ಹಾಕುತ್ತಾನೆ. ಅದನ್ನು ಕಂಡರೆ ನಮ್ಮ ಅತ್ತೆಯವರಿಗೆ ನಿದ್ದೆ ಹತ್ತುವುದಿಲ್ಲ. ಅವರ ಭಯ ಅತಿಯಾಯಿತೇ?

ಉತ್ತರ: ಅತಿಯಾಗಿಲ್ಲ. ಅವರು ಬ್ಯಾಟರಿಗೆ ಹೆದರಿದ್ದಾರೆ. ನನಗೆ ಅದಕ್ಕಿಂತ ಹೆಚ್ಚು ಹೆದರಿಕೆ ತಂದದ್ದು ನೀವು ಬರೆದ ‘ಮುಂಬಾಗಿಲ ಪಕ್ಕ’ ಎಂಬ ಮಾತು. ಮಹಡಿಯ ಮನೆಯಿಂದ ಹೊರಬೀಳಲು ಇರುವುದು ಅದೊಂದೇ ದಾರಿಯಾಗಿದ್ದರೆ, ನಡುರಾತ್ರಿ ಬೆಂಕಿ ಹೊತ್ತಿಕೊಂಡಾಗ ಮನೆಯವರೆಲ್ಲ ಒಳಗೇ ಸಿಕ್ಕಿಬೀಳುತ್ತೀರಿ. ಆದ್ದರಿಂದ ಮೊದಲು ಜಾಗ ಬದಲಾಯಿಸಿ. ಮಾಲೀಕರನ್ನು ಕೇಳಿ ನೆಲಮಹಡಿಯಲ್ಲಿ, ಮೆಟ್ಟಿಲಿನಿಂದ ದೂರದ ನೆರಳಿನ ಗೋಡೆಗೆ ಅರ್ಥಿಂಗ್ ಇರುವ ಒಂದು ಪಾಯಿಂಟ್ ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಅದು ಆಗದಿದ್ದರೆ, ಒಣಹಾಕಿದ ಬಟ್ಟೆ, ಹಳೆಯ ಪೇಪರುಗಳಿಲ್ಲದ, ನೀವು ಓಡಾಡುವ ದಾರಿಗೆ ಅಡ್ಡವಾಗದ ಬಾಲ್ಕನಿಯ ಸಿಮೆಂಟ್ ನೆಲವಾದರೂ ಆದೀತು. ಆದರೆ ಬ್ಯಾಟರಿಯ ಮೇಲೆ ಬಿಸಿಲಾಗಲಿ ಮಳೆಯಾಗಲಿ ಬೀಳಬಾರದು.

ಈ ಬ್ಯಾಟರಿಯ ಪ್ರತಿಯೊಂದು ಸೆಲ್ಲಿನೊಳಗೂ ಧನ ಮತ್ತು ಋಣ ಪದರಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಪೊರೆಯೂ ಸುತ್ತಲೂ ಸುಲಭವಾಗಿ ಹೊತ್ತಿಕೊಳ್ಳುವ ದ್ರಾವಣವೂ ಇರುತ್ತವೆ. ಕೆಳಗೆ ಬಿದ್ದ ಪೆಟ್ಟಿನಿಂದಲೋ ಅತಿಯಾದ ಚಾರ್ಜಿನಿಂದಲೋ ತಯಾರಿಕೆಯ ದೋಷದಿಂದಲೋ ಒಳಗೊಳಗೇ ಶಾರ್ಟ್ ಆದರೆ ಸೆಲ್ ಕಾಯತೊಡಗುತ್ತದೆ, ಆ ಕಾವಿಗೆ ರಾಸಾಯನಿಕ ಕ್ರಿಯೆ ಚುರುಕಾಗಿ ಮತ್ತಷ್ಟು ಕಾವು ಹುಟ್ಟುತ್ತದೆ, ಸುಮಾರು 130 ಡಿಗ್ರಿ ಸೆಲ್ಸಿಯಸ್ ದಾಟುವಾಗ ಪೊರೆಯೇ ಕರಗುತ್ತದೆ. ಮಂಡಕ್ಕಿ ಭಟ್ಟಿಯ ಉರಿಯನ್ನು ಒಲೆಯ ಬಾಯಿ ಮುಚ್ಚಿ ತಗ್ಗಿಸಬಹುದು. ಇಲ್ಲಿ ಕಾವು ಒಳಗಿನಿಂದಲೇ ಹುಟ್ಟುವುದರಿಂದ ಗಾಳಿ ತಡೆದರೂ ಉರಿ ನಿಲ್ಲದೆ, ಒಂದು ಸೆಲ್ಲಿನಿಂದ ಪಕ್ಕದ ಸೆಲ್ಲಿಗೆ ದಾಟುತ್ತ ಹೋಗುತ್ತದೆ.

ಏಪ್ರಿಲ್ ತಿಂಗಳ ನಮ್ಮೂರಿನ ಬಿಸಿಲಿನಲ್ಲಿ ಓಡಿ ಬಂದ ಬ್ಯಾಟರಿ ಮೊದಲೇ ಬಿಸಿಯಾಗಿರುತ್ತದೆ. ಬಂದ ಕೂಡಲೇ ಚಾರ್ಜಿಗೆ ಹಾಕುವ ಅಭ್ಯಾಸವನ್ನು ಮಗ ಬಿಡಲಿ. ಕೈಯಿಟ್ಟರೆ ತಣ್ಣಗೆನಿಸುವವರೆಗೆ, ಅಂದರೆ ಊಟ ಮುಗಿಯುವಷ್ಟು ಹೊತ್ತಾದರೂ, ಕಾಯಲಿ. ಎಲ್ಲರೂ ಎಚ್ಚರವಿರುವಾಗ ಚಾರ್ಜ್ ಮಾಡಿ, ತುಂಬಿದ ಮೇಲೆ ಪ್ಲಗ್ ತೆಗೆಯಲಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. 2022ರಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಎಐಎಸ್-156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿ, ಮೊದಲ ಹಂತವನ್ನು 2022ರ ಡಿಸೆಂಬರ್ 1ರಿಂದಲೂ ಎರಡನೆಯದನ್ನು 2023ರ ಮಾರ್ಚ್ 31ರಿಂದಲೂ ಜಾರಿಗೆ ತಂದರು. ನಿಮ್ಮ ಗಾಡಿ ಅದಕ್ಕಿಂತ ಹಳೆಯದಾದರೆ ಒಮ್ಮೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ತೋರಿಸುವುದು ಲೇಸು.

ಬ್ಯಾಟರಿಯಿಂದ ಹಿಸ್ಸೆಂಬ ಸದ್ದು, ಬಿಳಿ ಹೊಗೆ ಅಥವಾ ಘಾಟು ವಾಸನೆ ಬಂದರೆ ಅದನ್ನು ಎತ್ತಿಕೊಂಡು ಓಡುವ ಸಾಹಸ ಬೇಡ. ಆ ಹೊಗೆ ವಿಷಕಾರಿ. ಎಲ್ಲರೂ ಹೊರಬಂದು, ಬಾಗಿಲೆಳೆದುಕೊಂಡು, 101 ಅಥವಾ 112ಕ್ಕೆ ಕರೆ ಮಾಡಿ. ಆರಿದಂತೆ ಕಂಡ ಬ್ಯಾಟರಿ ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳುವುದುಂಟು. ಅಗ್ನಿಶಾಮಕ ದಳದವರು ಹೇಳುವ ತನಕ ಒಳಗೆ ಕಾಲಿಡಬೇಡಿ.

ಪ್ರಶ್ನೆ: ಹೊಳಲ್ಕೆರೆ ಕಡೆಯ ರೈತ ನಾನು. ಔಷಧಿ ಹೊಡೆಯುವ ಪಂಪಿನ 12 ವೋಲ್ಟ್ ಬ್ಯಾಟರಿ ಹಾಳಾಗಿದ್ದರಿಂದ ಅಂಗಡಿಯವರು ಹಗುರವಾದ ಲಿಥಿಯಂ ಬ್ಯಾಟರಿ ಕೂರಿಸಿಕೊಟ್ಟರು. ಹಳೆಯ ಚಾರ್ಜರ್ ಚೆನ್ನಾಗಿಯೇ ಇದೆ. ಅದನ್ನೇ ಬಳಸಬಹುದೇ?

ಉತ್ತರ: ದಯವಿಟ್ಟು ಬಳಸಬೇಡಿ. ಪಿನ್ ಕೂತ ಮಾತ್ರಕ್ಕೆ ಚಾರ್ಜರ್ ಹೊಂದಿದಂತಲ್ಲ. ಹಳೆಯ ಸೀಸದ ಬ್ಯಾಟರಿಗೆ ಮಾಡಿದ ಚಾರ್ಜರ್ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟಿನವರೆಗೆ ಏರಿಸುತ್ತದೆ. ನಿಮ್ಮ ಹೊಸ ಬ್ಯಾಟರಿಯಲ್ಲಿ ಸಾಲಾಗಿ ಮೂರು ಲಿಥಿಯಂ-ಅಯಾನ್ ಸೆಲ್ಲುಗಳಿದ್ದರೆ, ಒಂದಕ್ಕೆ 4.2ರಂತೆ 12.6 ವೋಲ್ಟಿಗೇ ಅದರ ಹೊಟ್ಟೆ ತುಂಬುತ್ತದೆ. ಅಲ್ಲಿಂದ ಮುಂದೆ ತುರುಕಿದ್ದನ್ನು ತಡೆಯಲು ಒಳಗಿರುವ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡನ್ನೇ ನಂಬಬೇಕು. ಅಗ್ಗದ ಬ್ಯಾಟರಿಯಲ್ಲಿ ಆ ಬೋರ್ಡೂ ಅಗ್ಗದ್ದೇ. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಇನ್ನೊಂದು ಬಗೆಯ ಲೆಕ್ಕ ಬೇರೆ. ಬ್ಯಾಟರಿಯ ಮೇಲಿನ ಚೀಟಿ ಓದಿ, ಅದಕ್ಕೆ ತಕ್ಕ ಚಾರ್ಜರನ್ನು ಅದೇ ಅಂಗಡಿಯಿಂದ ಕೇಳಿ ಪಡೆಯಿರಿ. ಪಂಪಿಗೆ ಔಷಧಿ ಸೋರಿ ತಂತಿಯ ತುದಿಯಲ್ಲಿ ಹಸಿರು ಕಿಲುಬು ಕಟ್ಟಿದ್ದರೆ ಅದನ್ನೂ ಸರಿಪಡಿಸಿಕೊಳ್ಳಿ. ಮೆಕ್ಕೆಜೋಳದ ಚೀಲ, ಒಣಮೇವು ಇಟ್ಟ ಕೋಣೆಯಲ್ಲಿ ಚಾರ್ಜಿಗೆ ಹಾಕಬೇಡಿ.

ಪ್ರಶ್ನೆ: ಮೊಬೈಲ್ ಬ್ಯಾಟರಿ ಊದಿ ಹಿಂದಿನ ಮುಚ್ಚಳ ಎದ್ದಿದೆ. ಸೂಜಿ ಚುಚ್ಚಿ ಗಾಳಿ ತೆಗೆದರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ? (ಚಳ್ಳಕೆರೆ)

ಉತ್ತರ: ಸೂಜಿ ಚುಚ್ಚುವುದೆಂದರೆ ಒಳಗಿನ ಪೊರೆಯನ್ನು ನಾವೇ ಹರಿದು ಶಾರ್ಟ್ ಮಾಡಿದಂತೆ. ಅದನ್ನು ಒತ್ತಬೇಡಿ, ಚಾರ್ಜ್ ಮಾಡಬೇಡಿ. ಸ್ವಿಚ್ ಆಫ್ ಮಾಡಿ, ಮರಳು ಹಾಕಿದ ಲೋಹದ ಡಬ್ಬಿಯಲ್ಲಿ, ಬಿಗಿಯಾಗಿ ಮುಚ್ಚದೆ, ಮನೆಯ ಹೊರಗಿಟ್ಟು ಆದಷ್ಟು ಬೇಗ ಸರ್ವಿಸ್ ಸೆಂಟರಿಗೆ ಒಯ್ಯಿರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರದ್ದು. ಕಸದ ಗಾಡಿಗೆ ಹಾಕಿದರೆ ಅಲ್ಲಿ ಒತ್ತಡಕ್ಕೆ ಸಿಕ್ಕಿ ಹೊತ್ತಿಕೊಳ್ಳಬಹುದು, ಗುಜರಿಯವನ ಸುತ್ತಿಗೆ ಪೆಟ್ಟಿಗೂ ಅಷ್ಟೇ.

ಪ್ರಶ್ನೆ: ದೇವರ ಕೋಣೆಯಲ್ಲಿ ಯುಪಿಎಸ್ ಬ್ಯಾಟರಿ ಇಡಬಹುದೇ? (ಚಿತ್ರದುರ್ಗ)

ಉತ್ತರ: ಡಿಸ್ಟಿಲ್ಡ್ ವಾಟರ್ ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೂ ಕಿಡಿ ತಾಗಿದಾಗ ಹೊತ್ತಿಕೊಳ್ಳುತ್ತದೆ. ನಂದಾದೀಪ ಅಲ್ಲೇ ಇರಲಿ, ಬ್ಯಾಟರಿಯನ್ನು ಕಿಟಕಿಯಿರುವ ಬೇರೆ ಜಾಗಕ್ಕೆ ಸಾಗಿಸಿ.