ನನಗೂ ಪಿಂಚಣಿ ಬರುತ್ತದೆ ಮೇಡಂ

ವಿಜಯನಗರದಿಂದ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. 'ಹಳೇ ಪಿಂಚಣಿಯನ್ನು ಇದ್ದ ಹಾಗೇ ವಾಪಸ್ ತರುವುದು ಬೇಡ' ಅಂತ ಹೋದ ಸಂಚಿಕೆಯಲ್ಲಿ ನಾನು ಬರೆದದ್ದು ಅವರಿಗೆ ಸಿಟ್ಟು ತರಿಸಿದೆ. ಅವರು ಸರ್ಕಾರಿ ಶಾಲೆಗೆ ಸೇರಿದ್ದು 2008ರಲ್ಲಿ. ಪಕ್ಕದ ಕೊಠಡಿಯ ಮೇಷ್ಟ್ರು ಸೇರಿದ್ದು 2005ರಲ್ಲಿ. 2006ರ ಏಪ್ರಿಲ್ 1ರಿಂದ ಸೇರಿದ ರಾಜ್ಯದ ನೌಕರರಿಗೆ ಹಳೇ ಪಿಂಚಣಿ ಇಲ್ಲ, ಎನ್‌ಪಿಎಸ್ ಅನ್ನುವ ಹೊಸ ಪಿಂಚಣಿ, ಅಂದರೆ ಕಟ್ಟಿದ ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟು. ರಿಟೈರ್ ಆದ ಮೇಲೆ ಮೇಷ್ಟ್ರಿಗೆ ಕೊನೆಯ ಸಂಬಳದ ಅರ್ಧ ಪಿಂಚಣಿ, ಇವರಿಗೆ ಮಾರುಕಟ್ಟೆ ಕೊಟ್ಟಷ್ಟು. ಹಳೇ ಪಿಂಚಣಿ ಬೇಕು ಅಂತ 2022ರ ಡಿಸೆಂಬರ್ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತವರಲ್ಲಿ ಇವರೂ ಒಬ್ಬರು. ಪತ್ರದ ಕೊನೆಗೆ ಕೆಂಪು ಶಾಯಿಯಲ್ಲಿ ಒಂದು ಸಾಲು: "ನಿಮಗೆ ಪಿಂಚಣಿ ಬರುತ್ತಾ ಸಾರ್? ಬರೋ ಹಾಗಿದ್ದಿದ್ರೆ ಹೀಗೆ ಬರೀತಿದ್ರಾ?"

ಮೊದಲು ಕೆಂಪು ಶಾಯಿಗೇ ಉತ್ತರ ಕೊಡುತ್ತೇನೆ. ಬರುತ್ತದೆ ಮೇಡಂ. ಪಿಎಫ್‌ನವರ 1995ರ ಪಿಂಚಣಿ ಯೋಜನೆ ನನ್ನದು. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು 15,000 ರೂಪಾಯಿಯನ್ನು. ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ನನ್ನ 28 ವರ್ಷಕ್ಕೆ, 20 ದಾಟಿದವರಿಗೆ ಸಿಗುವ 2 ವರ್ಷ ಸೇರಿಸಿ 30 ಅಂದುಕೊಳ್ಳಿ. ತಿಂಗಳಿಗೆ 6,428 ರೂಪಾಯಿ. ಅದೂ ಪೂರ್ತಿ ಕೈಗೆ ಬರುವುದಿಲ್ಲ. 2014ರ ಸೆಪ್ಟೆಂಬರಿಗಿಂತ ಹಿಂದಿನ ವರ್ಷಗಳಿಗೆ 6,500ರ ಮಿತಿ. ತುಟ್ಟಿಭತ್ಯೆ ಇಲ್ಲ. 58ಕ್ಕೆ ಎಷ್ಟು ನಿಗದಿಯಾಗುತ್ತದೋ 80ಕ್ಕೂ ಅಷ್ಟೇ. ಹಾಗಾಗಿ ಹೊಟ್ಟೆ ತುಂಬಿದವನ ಉಪದೇಶ ಅಂತ ಮಾತ್ರ ದಯವಿಟ್ಟು ಅನ್ನಬೇಡಿ.

ತಾರೀಕಿನ ವಿಷಯದಲ್ಲಿ ನಿಮ್ಮ ಮಾತು ಸರಿ. 2006ರ ಏಪ್ರಿಲ್ 1 ಏನು ಶಾಸನದ ಕಲ್ಲಲ್ಲ. ಅದಕ್ಕೂ ಮೊದಲೇ ನೇಮಕಾತಿಯ ಅಧಿಸೂಚನೆ ಹೊರಟು, ಆಮೇಲೆ ಕೆಲಸಕ್ಕೆ ಸೇರಿದವರಿಗೆ 2024ರ ಜನವರಿಯಲ್ಲಿ ರಾಜ್ಯ ಸರ್ಕಾರವೇ ಹಳೇ ಪಿಂಚಣಿಯ ಬಾಗಿಲು ತೆಗೆಯಿತು. ಎನ್‌ಪಿಎಸ್‌ನ ನಿಜವಾದ ತೊಂದರೆಯೂ ನನಗೆ ಗೊತ್ತು. ಖಾತೆಯಲ್ಲಿ 50 ಲಕ್ಷ ಸೇರಿತು ಅನ್ನೋಣ. ಕಡಿಮೆ ಅಂದರೂ 40 ಪರ್ಸೆಂಟ್, ಅಂದರೆ 20 ಲಕ್ಷ, ವಿಮಾ ಕಂಪನಿಗೆ ಕಟ್ಟಿ ಪಿಂಚಣಿ ಕೊಳ್ಳಬೇಕು. ವರ್ಷಕ್ಕೆ 6 ಪರ್ಸೆಂಟ್ ಸಿಕ್ಕರೆ ತಿಂಗಳಿಗೆ 10,000. ತೊಗರಿಬೇಳೆ ದರ ಏರಿದರೂ ಅದು ಸಾಮಾನ್ಯವಾಗಿ ಏರುವುದಿಲ್ಲ. ಉಳಿದ 30 ಲಕ್ಷ ಒಟ್ಟಿಗೆ ಕೈಗೆ ಬರುತ್ತದೆ, ನಿಜ. ಅದು ಮಗನ ಸೈಟಿಗೋ ಮಗಳ ಮದುವೆಗೋ ಎಷ್ಟು ಬೇಗ ಕರಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ?

ಮತ್ತೆ ಹಳೆಯದೇ ಯಾಕೆ ಬೇಡ? 2008ರಲ್ಲಿ 25ನೇ ವಯಸ್ಸಿಗೆ ಸೇರಿದವರು 60 ತುಂಬಿ ಮನೆಗೆ ಹೋಗುವುದು 2043ಕ್ಕೆ. ಇವತ್ತು 'ಆಯ್ತು, ಕೊಟ್ವಿ' ಅನ್ನುವ ಮಂತ್ರಿಗಳು ಆಗ ಇರುವುದಿಲ್ಲ. ಹಳೇ ಪದ್ಧತಿಯಲ್ಲಿ ಅದಕ್ಕೆ ಅಂತ ಕೂಡಿಟ್ಟ ನಿಧಿಯೂ ಇರುವುದಿಲ್ಲ. ಆ ವರ್ಷದ ತೆರಿಗೆಯಿಂದಲೇ ತೆಗೆದು ಕೊಡಬೇಕು, ಅಂದರೆ ನಿಮ್ಮ ಈಗಿನ ಶಿಷ್ಯರ ಜೇಬಿನಿಂದ. ಕೇಂದ್ರ ತನ್ನ ನೌಕರರಿಗೆ 2025ರ ಏಪ್ರಿಲ್‌ನಿಂದ ತಂದ ಏಕೀಕೃತ ಪಿಂಚಣಿ ನನಗೆ ವಾಸಿ ಅನ್ನಿಸುವುದು ಇದಕ್ಕೇ. ನೌಕರರು 10 ಪರ್ಸೆಂಟ್ ಕಟ್ಟುತ್ತಾರೆ, ಸರ್ಕಾರ 18.5. 25 ವರ್ಷ ದುಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಾತ್ರಿ, ಬೆಲೆ ಏರಿದ ಹಾಗೆ ಪರಿಹಾರವೂ ಉಂಟು. ಕೊಡುವವರು ಈಗಲೇ ಎತ್ತಿಡುತ್ತಾರೆ, ಪಡೆಯುವವರಿಗೆ ಎಷ್ಟು ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಕೇಳುವುದಾದರೆ ಇಂಥದ್ದನ್ನು ಕೇಳಿ.

ಆದರೆ ನನ್ನ ಲೇಖನದ ಅರ್ಧಭಾಗ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಬಗ್ಗೆ ಇತ್ತು. ನಿಮ್ಮ ನಾಲ್ಕು ಪುಟದಲ್ಲಿ ಅವರಿಗೆ ಒಂದು ಸಾಲೂ ಸಿಕ್ಕಿಲ್ಲ. 2016ರ ಏಪ್ರಿಲ್ 18ರಂದು ನಾನು ಹೊಸೂರು ರಸ್ತೆಯಲ್ಲಿ ಬಸ್ಸಿನೊಳಗೆ ಸಿಕ್ಕಿಹಾಕಿಕೊಂಡಿದ್ದೆ. ಕಿಟಕಿಯಾಚೆ ರಸ್ತೆ ತುಂಬ ಹೆಂಗಸರು. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಕೈಯಲ್ಲಿ ಊಟದ ಬ್ಯಾಗು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವ ಹಾಗಿಲ್ಲ ಅಂತ ಹೊಸ ನಿಯಮ ಬಂದಿತ್ತು. ಇಳಿದು ಒಬ್ಬಾಕೆಯನ್ನು ಮಾತಾಡಿಸಿದೆ. ಸೂಜಿ ಹೊಕ್ಕು ವಾಸಿಯಾದ ತೋರುಬೆರಳು ತೋರಿಸಿ, ಈ ಕೈ 58ರವರೆಗೆ ಮಷಿನ್ ಜೊತೆ ಓಡುತ್ತಾ ಅಂತ ನನ್ನನ್ನೇ ಕೇಳಿದರು. ಮಾರನೇ ದಿನವೇ ಕೇಂದ್ರ ಆ ನಿಯಮ ಕೈಬಿಟ್ಟಿತು. ಮುದಿ ವಯಸ್ಸಿಗೆ ಹಣ ಉಳಿಯಲಿ ಅನ್ನುವ ಉದ್ದೇಶ ಕೆಟ್ಟದ್ದೇನಲ್ಲ. 40ಕ್ಕೇ ಫ್ಯಾಕ್ಟರಿ ಬಿಡಬೇಕಾಗಿ ಬರುವವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಆಕೆಗೆ ಪಿಂಚಣಿ ಬಂದರೂ ಎಷ್ಟು? ನನ್ನದೇ ಆ 1995ರ ಪಿಎಫ್ ಪಿಂಚಣಿ ಯೋಜನೆಯ ಕನಿಷ್ಠ ಮೊತ್ತ 1,000 ರೂಪಾಯಿ ಅಂತ 2014ರಲ್ಲಿ ಆಯಿತು. ಬಡ ವೃದ್ಧರಿಗೆ ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಕೊಡುವುದು 1,200. ಅಂದರೆ ಹತ್ತಾರು ವರ್ಷ ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ನೋಡಿದವರ ಕನಿಷ್ಠ, ಒಂದು ಪೈಸೆ ಕಟ್ಟದವರಿಗೆ ಸಿಗುವುದಕ್ಕಿಂತ ಕಮ್ಮಿ! 1,200 ಜಾಸ್ತಿಯಾಯಿತು ಅಂತ ನಾನು ಹೇಳುತ್ತಿಲ್ಲ, ಬಿಪಿ, ಶುಗರ್ ಮಾತ್ರೆಗೇ ಅದು ಹೋಗುತ್ತದೆ. ಬೆಲೆ ಏರಿದರೆ ನಿಮ್ಮ ಮೇಷ್ಟ್ರ ಪಿಂಚಣಿ ತಾನಾಗೇ ಏರುತ್ತದೆ. ಇವರದು ಮೊದಲು ಹಾಗೆ ಏರಲಿ ಅನ್ನುವುದೇ ನನ್ನ ವಾದ. ನಿಮ್ಮ ಬೇಡಿಕೆ ಅದಕ್ಕೆ ಅಡ್ಡ ಅಂತ ನಾನು ಬರೆದಿಲ್ಲ.

ಇನ್ನೊಂದು ವಿಷಯ. ಪತ್ರದ ಜೊತೆ ನೀವು ಇಟ್ಟಿದ್ದ ಎನ್‌ಪಿಎಸ್ ಸ್ಟೇಟ್‌ಮೆಂಟಿನ ಪ್ರತಿಯಲ್ಲಿ ನಿಮ್ಮ ಪ್ರಾಣ್ ಸಂಖ್ಯೆ, ಅಂದರೆ ಎನ್‌ಪಿಎಸ್ ಖಾತೆಯ ಸಂಖ್ಯೆ, ಎದ್ದು ಕಾಣುತ್ತಿತ್ತು. ಅದಕ್ಕೇ ಅಚ್ಚು ಹಾಕಲಿಲ್ಲ. ಅಂಚೆಯಲ್ಲಿ ವಾಪಸ್ ಕಳಿಸಿದ್ದೇವೆ.