ನಾಲ್ಕು ಯಂತ್ರಕ್ಕೆ ಒಂದೇ ಬುನಾದಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಚಾಫ್ ಕಟರ್ (ಮೇವು ಕತ್ತರಿಸುವ ಯಂತ್ರ) ಮಾಡುವ ಸಣ್ಣ ಘಟಕ. 1, 2, 3 ಮತ್ತು 5 ಎಚ್‌ಪಿ, ಹೀಗೆ ನಾಲ್ಕು ಮಾದರಿ. ಒಂದೊಂದರ ಡ್ರಾಯಿಂಗ್ ಒಂದೊಂದು ಕಾಲದಲ್ಲಿ ಆದದ್ದು. ಸ್ಟೋರ್ ತುಂಬ ಸಾಮಾನಿದೆ, ಆರ್ಡರ್ ಬಂದ ದಿನ ಬೇಕಾದ ಬೇರಿಂಗ್ ಮಾತ್ರ ಸಿಗುವುದಿಲ್ಲ. ನಾಲ್ಕನ್ನೂ ಒಂದೇ ಫ್ರೇಮಿಗೆ ತರಬಹುದೇ?
– ತುಮಕೂರಿನ ಓದುಗರು

ಉತ್ತರ: ನಾಲ್ಕನ್ನೂ ತರಬೇಡಿ. 1, 2, 3 ಎಚ್‌ಪಿಗೆ ಒಂದು ಬುನಾದಿ ಸಾಕು, 5 ಎಚ್‌ಪಿ ಬೇರೆಯೇ ಇರಲಿ.

ಮೊದಲು ಒಂದು ದೊಡ್ಡ ಹಾಳೆಯಲ್ಲಿ ಎಡಕ್ಕೆ ಭಾಗಗಳ ಹೆಸರು, ಮೇಲೆ ನಾಲ್ಕು ಮಾದರಿ ಬರೆಯಿರಿ. ಪ್ರತಿ ಮನೆಯಲ್ಲೂ ಅಳತೆ ತುಂಬಿ. ಈಗಾಗಲೇ ಒಂದೇ ಇರುವುದು, ಒಂದೇ ಮಾಡಬಹುದಾದದ್ದು, ಬೇರೆಯೇ ಇರಬೇಕಾದದ್ದು ಎಂದು ಮೂರು ಬಣ್ಣದಲ್ಲಿ ಗುರುತು ಹಾಕಿ. ಎಂ8 ಬೋಲ್ಟಿನಲ್ಲೇ 20, 25, 30, 35 ಮಿ.ಮೀ. ಉದ್ದದವು ಕಾಣಿಸಿಕೊಳ್ಳುವುದು ಸಾಮಾನ್ಯ. ಅವುಗಳಲ್ಲಿ ಬಹುಪಾಲನ್ನು ಒಂದೆರಡು ಉದ್ದಕ್ಕೆ ಇಳಿಸಬಹುದು. ಇದಕ್ಕೆ ಹೊಸ ಡ್ರಾಯಿಂಗೂ ಬೇಡ, ಖರ್ಚೂ ಇಲ್ಲ.

ನಿಜವಾದ ಕೆಲಸ ಇರುವುದು ಮೋಟಾರ್ ಪ್ಲೇಟಿನಲ್ಲಿ, ಅಂದರೆ ಮೋಟಾರು ಕೂರುವ ತಟ್ಟೆಯಲ್ಲಿ. 1440 ಆರ್‌ಪಿಎಂನ ತ್ರೀ ಫೇಸ್ ಮೋಟಾರು ಸಾಮಾನ್ಯವಾಗಿ 1 ಎಚ್‌ಪಿಗೆ 80 ಫ್ರೇಮ್ (ಮೋಟಾರಿನ ಬಾಡಿಯ ಅಳತೆಯ ಹೆಸರು), 2ಕ್ಕೆ 90ಎಲ್, 3ಕ್ಕೆ 100ಎಲ್, 5ಕ್ಕೆ 112ಎಂ ಬರುತ್ತದೆ. ಪಾದದ ತೂತುಗಳ ಅಂತರ ಅಡ್ಡಕ್ಕೆ ಮತ್ತು ಉದ್ದಕ್ಕೆ ಕ್ರಮವಾಗಿ 125×100, 140×125, 160×140, 190×140 ಮಿ.ಮೀ. ಶಾಫ್ಟ್ ಎತ್ತರ ಫ್ರೇಮ್ ನಂಬರಿನಷ್ಟೇ: 80, 90, 100, 112. ಬೆಲ್ಟ್ ಹಾಕುವ ಯಂತ್ರದಲ್ಲಿ ಈ ಎತ್ತರದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಪ್ಲೇಟನ್ನು ಸರಿಸಿ ಬೆಲ್ಟ್ ಬಿಗಿ ಮಾಡಿದರೆ ಮುಗಿಯಿತು. ನೇರ ಕಪ್ಲಿಂಗ್ ಆದರೆ ಎತ್ತರ ಸರಿದೂಗಿಸಲು ಮೋಟಾರಿನ ಅಡಿಯಲ್ಲಿ ಲೋಹದ ಪಟ್ಟಿ ಕೊಡಲೇಬೇಕು.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಶಾಫ್ಟ್ ಕಡೆಯ ತೂತಿನಿಂದ ಶಾಫ್ಟ್ ಭುಜದವರೆಗಿನ (ಹೊರ ತುದಿ ಶುರುವಾಗುವ ಮೆಟ್ಟಿಲಿನವರೆಗಿನ) ಅಂತರ ಮೂರು ಫ್ರೇಮಿಗೆ 50, 56, 63 ಮಿ.ಮೀ., ಶಾಫ್ಟ್ ತುದಿಯ ಉದ್ದ 40, 50, 60. ಪುಲಿ ತುದಿಯ ನಡುಮಧ್ಯದಲ್ಲಿ ಕೂರುತ್ತದೆಂದು ಇಟ್ಟುಕೊಳ್ಳಿ. ಆಗ ತೂತಿನಿಂದ ಬೆಲ್ಟ್ ಓಡುವ ಗೆರೆ 70, 81, 93 ಮಿ.ಮೀ. ದೂರದಲ್ಲಿರುತ್ತದೆ. ಶಾಫ್ಟ್ ಕಡೆಯ ತೂತುಗಳನ್ನು ಒಂದೇ ಸಾಲಿನಲ್ಲಿ ಕೊರೆದುಬಿಟ್ಟರೆ 1 ಎಚ್‌ಪಿಗೂ 3 ಎಚ್‌ಪಿಗೂ ಬೆಲ್ಟಿನ ಗೆರೆ 23 ಮಿ.ಮೀ. ಆಚೀಚೆಯಾಗುತ್ತದೆ. ಬೆಲ್ಟು ಒಂದೇ ಮಗ್ಗುಲು ಸವೆಯುತ್ತದೆ, ಲೋಡ್ ಬಿದ್ದಾಗ ಮಗುಚಿಕೊಳ್ಳುತ್ತದೆ. ಬೇರಿಂಗ್ ಸರಿಯಿಲ್ಲ ಎಂದು ಬದಲಿಸಿದರೂ ತೊಂದರೆ ಹೋಗುವುದಿಲ್ಲ.

ಆದ್ದರಿಂದ ಪ್ಲೇಟಿನ ಮೇಲೆ ಮೊದಲು ಬೆಲ್ಟಿನ ಗೆರೆಯನ್ನು ಗೀಚಿ, ತೂತುಗಳನ್ನು ಅದರಿಂದ ಅಳೆಯಿರಿ. ಮೂರು ಫ್ರೇಮಿನ ತೂತುಗಳು ಹೆಚ್ಚುಕಡಿಮೆ ಒಂದು ಓರೆ ಗೆರೆಯ ಮೇಲೆ ಬೀಳುವುದು ಕಾಣುತ್ತದೆ. ಬೇರೆ ಬೇರೆ ತೂತು ಹಾಕಿದರೆ ಶಾಫ್ಟ್ ಕಡೆಯ ತೂತುಗಳ ನಡುವೆ ಕೆಲವೇ ಮಿ.ಮೀ. ಲೋಹ ಉಳಿದು ಸೀಳುತ್ತದೆ. 14 ಮಿ.ಮೀ. ಅಗಲದ ನಾಲ್ಕು ಓರೆ ಸ್ಲಾಟ್ ಕತ್ತರಿಸಿ, ದಪ್ಪ ವಾಷರ್ ಹಾಕಿ. ಬೆಲ್ಟ್ ಬಿಗಿ ಮಾಡಲು ಈ ಸ್ಲಾಟನ್ನು ಬಳಸಬೇಡಿ, ಇಡೀ ಪ್ಲೇಟ್ ಸರಿಯುವಂತೆ ಫ್ರೇಮಿನಲ್ಲೇ ಬೇರೆ ಸ್ಲಾಟ್ ಇರಲಿ. ಸಿಂಗಲ್ ಫೇಸ್ ಮೋಟಾರು ಅದೇ ಎಚ್‌ಪಿಗೆ ದೊಡ್ಡ ಫ್ರೇಮಿನಲ್ಲಿ ಬರಬಹುದು, ನೇಮ್‌ಪ್ಲೇಟ್ ನೋಡಿಯೇ ಕೊಳ್ಳಿ. 112ಎಂ ಅನ್ನೂ ಇದೇ ಪ್ಲೇಟಿಗೆ ಕೂರಿಸಲು ಹೋದರೆ ಪ್ಲೇಟು ಅಗಲವಾಗಿ, ದಪ್ಪವಾಗಿ, ಆ ಭಾರವನ್ನು ಉಳಿದ ಮೂರೂ ಹೊರಬೇಕಾಗುತ್ತದೆ.

ಇನ್ನು ಕಟರ್ ಶಾಫ್ಟ್. ಸಣ್ಣ ಎರಡಕ್ಕೆ 25, ಮೂರನೆಯದಕ್ಕೆ 30 ಮಿ.ಮೀ. ಇದ್ದರೆ ಎಲ್ಲಕ್ಕೂ 30 ಮಾಡಿ. 600 ಮಿ.ಮೀ. ಶಾಫ್ಟಿಗೆ ಹೆಚ್ಚುವ ಉಕ್ಕು ಸುಮಾರು 1 ಕೆ.ಜಿ. ತಿರುಚುವ ಬಲ ತಡೆಯುವ ಶಕ್ತಿ ಮಾತ್ರ 1.7 ಪಟ್ಟಾಗುತ್ತದೆ, ಏಕೆಂದರೆ ಅದು ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 25ಕ್ಕೂ 30ಕ್ಕೂ ಕೀ (ಪುಲಿ ಜಾರದಂತೆ ಶಾಫ್ಟಿನ ಗಾಡಿಯಲ್ಲಿ ಕೂರುವ ಉಕ್ಕಿನ ತುಂಡು) ಅಳತೆ ಒಂದೇ, 8×7 ಮಿ.ಮೀ. ಯುಸಿಪಿ 205 ಬೇರಿಂಗ್ ಬ್ಲಾಕ್ ಸ್ಟೋರಿನಿಂದಲೇ ಹೋಗಿ ಯುಸಿಪಿ 206 ಒಂದೇ ಉಳಿಯುತ್ತದೆ. ಆದರೆ 206ರ ಬೋಲ್ಟ್ ಅಂತರ 121 ಮಿ.ಮೀ. (205ರದ್ದು 105), ಶಾಫ್ಟ್ ಎತ್ತರವೂ 6.4 ಮಿ.ಮೀ. ಜಾಸ್ತಿ. ಅದನ್ನು ಮರೆತರೆ ಬ್ಲೇಡಿಗೂ ಎದುರು ತುಟಿಗೂ (ಕದಲದ ಅಂಚಿಗೂ) ನಡುವಿನ ಸಂದು ತಪ್ಪಿ, ಮೇವು ಕತ್ತರಿಸುವ ಬದಲು ಜಗಿದು ಬರುತ್ತದೆ.

ಗಾರ್ಡ್ ಮತ್ತು ರಿವರ್ಸ್ ಲಿವರಿನ ಜಾಗ 5 ಎಚ್‌ಪಿ ಸೇರಿ ನಾಲ್ಕರಲ್ಲೂ ಒಂದೇ ಕಡೆ ಇರಲಿ. ಕೈ ಸಿಕ್ಕಿಕೊಂಡ ಗಳಿಗೆಯಲ್ಲಿ ಯಾರೂ ಲಿವರ್ ಹುಡುಕುವಂತಾಗಬಾರದು.

ಪ್ರಶ್ನೆ: ಹಿಟ್ಟಿನ ಗಿರಣಿಯ ಎಲ್ಲ ಮಾದರಿಗೂ ದೊಡ್ಡ ಮಾದರಿಯ ಬಾಡಿಯನ್ನೇ ಹಾಕಿದೆವು. ಈಗ ಚಿಕ್ಕದರ ಬೆಲೆ ಏರಿ ಗಿರಾಕಿ ಬರುತ್ತಿಲ್ಲ. ತಪ್ಪಾಗಿದ್ದೆಲ್ಲಿ?
– ಚಿಂತಾಮಣಿಯ ಓದುಗರು

ಉತ್ತರ: ಚಿಕ್ಕ ಮಾದರಿಯೇ ಹೆಚ್ಚು ಹೋಗುವುದು ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಉದಾಹರಣೆಗೆ, ವರ್ಷಕ್ಕೆ ಚಿಕ್ಕದು 300, ದೊಡ್ಡದು 40 ಮಾರುತ್ತೀರಿ ಎನ್ನಿ. ದೊಡ್ಡ ಬಾಡಿಯಿಂದ ಚಿಕ್ಕದಕ್ಕೆ ತಲಾ 900 ರೂ. ಹೆಚ್ಚಿದರೆ ವರ್ಷಕ್ಕೆ 2,70,000 ರೂ. ಹೊರೆ. ಒಂದು ಪ್ಯಾಟರ್ನ್ (ಎರಕದ ಅಚ್ಚಿನ ಮಾದರಿ), ಒಂದಿಷ್ಟು ದಾಸ್ತಾನು ಕಡಿಮೆಯಾಗಿ ಉಳಿಯುವುದು 80,000 ಆದರೆ ಇದು ನಷ್ಟದ ಬಾಬ್ತು. ಬೇರಿಂಗ್, ಸ್ವಿಚ್, ಹಾಪರಿನ ಬೋಲ್ಟ್ ಸಾಲು ಹಂಚಿಕೊಳ್ಳಿ. ಎರಕದ ಬಾಡಿ ತೂಕಕ್ಕೆ ದುಡ್ಡು ಕೇಳುವ ವಸ್ತು, ಅದನ್ನು ಮತ್ತೆ ಎರಡು ಮಾಡಿ. ಒಳಗೆ ಬೇರಿಂಗ್ ಕೂರುವ ಮನೆಯ ಅಳತೆ ಮಾತ್ರ ಎರಡರಲ್ಲೂ ಒಂದೇ ಇರಲಿ.

ಪ್ರಶ್ನೆ: ಒಳಗಿನ ಭಾಗ ಒಂದೇ ಆದರೆ ಎಲ್ಲ ಮಾದರಿಯೂ ಒಂದೇ ಥರ ಕಾಣುವುದಿಲ್ಲವೇ?
– ತುಮಕೂರಿನ ಮತ್ತೊಬ್ಬ ಓದುಗರು

ಉತ್ತರ: ಎಚ್‌ಎಂಟಿ ಗಡಿಯಾರ ಕಾರ್ಖಾನೆ ಇದ್ದ ಊರು ನಿಮ್ಮದು. ಜನತಾ ಮತ್ತು ಪೈಲಟ್ ಎರಡರಲ್ಲೂ ಓಡುತ್ತಿದ್ದದ್ದು 0231 ಎಂಬ ಒಂದೇ ಕೀಲಿ ಯಂತ್ರ, 17 ಜ್ಯುವೆಲ್ಲಿನದು. ಬೇರೆಯಾಗಿದ್ದದ್ದು ಡಯಲ್ಲು, ಮುಳ್ಳು, ಕೇಸು. ಆದರೂ ಪೈಲಟ್ ಕಟ್ಟಿದವರು ಅದನ್ನು ಜನತಾ ಎಂದುಕೊಳ್ಳಲಿಲ್ಲ. ಫೋಕ್ಸ್‌ವ್ಯಾಗನ್ 2012ರಲ್ಲಿ ತಂದ ಎಂಕ್ಯೂಬಿ ಬುನಾದಿಯಲ್ಲೂ ಮುಂದಿನ ಆಕ್ಸಲ್ಲಿನಿಂದ ಪೆಡಲ್ಲಿನವರೆಗಿನ ಅಳತೆ ಸ್ಥಿರ, ಅದರ ಹಿಂದಿನ ಉದ್ದ ಕಾರಿಂದ ಕಾರಿಗೆ ಬೇರೆ. ಗಿರಾಕಿ ಕಣ್ಣಿಗೆ, ಕೈಗೆ ಸಿಗುವುದನ್ನು ಬೇರೆ ಮಾಡಿ.

ಪ್ರಶ್ನೆ: ಮೂರು ಮಾದರಿಗೂ ಒಂದೇ ಬ್ಲೇಡ್ ಇತ್ತು. ತೂತಿನ ಜಾಗವನ್ನು 2 ಮಿ.ಮೀ. ಸರಿಸಿದೆವು. ಹಳೆಯ ಗಿರಾಕಿಗಳಿಗೆ ಕಳಿಸಿದ ಬ್ಲೇಡ್ ಕೂರುತ್ತಿಲ್ಲ.
– ಮಾಲೂರಿನ ಓದುಗರು

ಉತ್ತರ: ಹೊಸ ಬ್ಲೇಡ್ ಹಳೆ ಯಂತ್ರಕ್ಕೂ, ಹಳೆ ಬ್ಲೇಡ್ ಹೊಸ ಯಂತ್ರಕ್ಕೂ ಕೂತು ಕೆಲಸ ಮಾಡಿದರಷ್ಟೇ ಆ ಭಾಗದ ಹಳೆಯ ನಂಬರು ಮುಂದುವರಿಸಬಹುದು. ಇಲ್ಲಿ ಎರಡೂ ಆಗುವುದಿಲ್ಲ, ಆದ್ದರಿಂದ ಹೊಸ ನಂಬರು ಕೊಡಬೇಕಿತ್ತು. ಈಗ ಹೊಸದಕ್ಕೆ ಬೇರೆ ನಂಬರು ಪಂಚ್ ಮಾಡಿ, ಹಳೆಯದನ್ನೂ ಸ್ಪೇರಿಗಾಗಿ ಮಾಡುತ್ತಿರಿ. ಹಂಚಿಕೊಂಡ ಭಾಗಗಳು ಪರಸ್ಪರ ಕೂಡುವ ಅಳತೆಗಳನ್ನಷ್ಟೇ, ಅಂದರೆ ಬ್ಲೇಡಿನ ತೂತು, ಶಾಫ್ಟಿನ ತುದಿ, ಟ್ರೇ ಬೋಲ್ಟು, ಒಂದು ಪ್ರತ್ಯೇಕ ಹಾಳೆಯಲ್ಲಿ ಬರೆದಿಡಿ. ಅದನ್ನು ಒಬ್ಬರೇ ಸಹಿ ಹಾಕಿ ಬದಲಿಸಬೇಕು. ಎಂ10 ಬೋಲ್ಟಿನ 11 ಮಿ.ಮೀ. ತೂತಿಗೆ 10.5 ಮಿ.ಮೀ. ಪಿನ್ನು ಹೊಡೆದ ತಟ್ಟೆಯೊಂದನ್ನು ಮಾಡಿಸಿ, ಬರುವ ಪ್ರತಿ ಲಾಟಿನಿಂದ ಕೆಲವು ಬ್ಲೇಡನ್ನು ಅದರ ಮೇಲೆ ಇಳಿಸಿ ನೋಡಿ. ಪಿನ್ನು ಸವೆದರೆ ತಟ್ಟೆಯೇ ಸುಳ್ಳು ಹೇಳುತ್ತದೆ, ತಿಂಗಳಿಗೊಮ್ಮೆ ಮೈಕ್ರೋಮೀಟರಿನಲ್ಲಿ ಅಳೆಯಿರಿ.